ಕೂಸಿನೊಡನೆ ಊರಿನ ದಾರಿ

ರಜೆ ಬಂದೊಡನೆ ಮುಂಬಯಿಯ ನಮ್ಮ ಬಂಧುಗಳು ಬಾಡಿಗೆಯ ಕಾರಿನಲ್ಲಿ ಪುಣೆ, ಕೊಲ್ಹಾಪುರಗಳ ಮಾರ್ಗವಾಗಿ ಊರಿಗೆ ಹೊರಡುವರು. ತಾಯಿಯ ಮಡಿಲಿಗಿಂತ ಕ್ಷೇಮವಾದ ತಾಣವುಂಟೇ ಎಂದು ನಾವೂ ನಂಬಿದ್ದೆವು. ಒಮ್ಮೆ ಖಂಬಾಟ್ಕಿ ಘಾಟಿನಲ್ಲಿ ಚಾಲಕನು ಥಟ್ಟನೆ ಬ್ರೇಕು ಹಾಕಲು, ನಮ್ಮ ಐದು ತಿಂಗಳ ಕೂಸು ತಾಯಿಯ ಕೈಜಾರಿ ಮುಂದಿನ ಆಸನಕ್ಕೆ ತಾಗಿತು. ದೈವಕೃಪೆ, ಹಣೆಯ ಬಾವಿನಲ್ಲಿ ಮುಗಿಯಿತು.

ವೇಗದೆದುರು ತೋಳ್ಬಲ ನಿಲ್ಲದು. ಹಿಂದಿನ ಆಸನದಲ್ಲಿ, ಕಾರಿನ ಹಿಂಬದಿಗೆ ಮುಖಮಾಡಿ ಕಟ್ಟಿದ ಶಿಶುಪೀಠವೇ ಲೇಸು. 2019ರಲ್ಲಿ ತಿದ್ದುಪಡಿಯಾದ ಮೋಟಾರು ಕಾಯಿದೆಯೂ ಮಕ್ಕಳಿಗೆ ರಕ್ಷಣಾಪಟ್ಟಿ ಇಲ್ಲವೇ ಪೀಠವನ್ನು ವಿಧಿಸಿದೆ. ತಪ್ಪಿದರೆ 1,000 ರೂಪಾಯಿ ದಂಡ. ಪೀಠವನ್ನು ಕೊಳ್ಳಲಾಗದ ಕರಾವಳಿಯ ಬಂಧುಗಳಿಗೆ ಕೊಂಕಣ ರೈಲು ಇದ್ದೇ ಇದೆ.

ಎರಡು ತಾಸಿಗೊಮ್ಮೆ ಕಾರು ನಿಲ್ಲಿಸಿ ಹಾಲೂಡಿಸಿರಿ. ಮುಚ್ಚಿದ ಕಾರಿನಲ್ಲಿ ಕೂಸನ್ನು ಕ್ಷಣವೂ ಒಂಟಿಯಾಗಿ ಬಿಡದಿರಿ. ತಡವಾದರೇನು? ಅಜ್ಜಿ ಕಾದಿರುವಳು.