ಅಟ್ಟದ ಮೇಲಿನ ಪ್ಲೇಟುಗಳು: ಬೆಲೆಯ ಬಗ್ಗೆ ಏಳು ತಪ್ಪು ಕಲ್ಪನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆ ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಗ್ರಾಮಫೋನ್ ಪ್ಲೇಟುಗಳ ಕಟ್ಟೂ ಇರುವುದುಂಟು. ಜಾತ್ರೆ, ಮದುವೆಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವರ ಮನೆಯಾದರಂತೂ ಪೆಟ್ಟಿಗೆಗಟ್ಟಲೆ ಸಿಗುತ್ತವೆ. ಕೆಲವರು ಅವನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು, ಬೀಟಲ್ಸ್ ತಂಡದ ಮೊದಲ ಮುದ್ರಣದ ಪ್ಲೇಟು ವಿದೇಶದಲ್ಲಿ ಲಕ್ಷ ದಾಟಿತೆಂಬ ಸುದ್ದಿ ಮೊಬೈಲಿನಲ್ಲಿ ಓದಿ, ಮನೆಯ ಕಟ್ಟನ್ನು ಬಂಗಾರದಂತೆ ಬಚ್ಚಿಡುತ್ತಾರೆ. ಇಬ್ಬರೂ ತಪ್ಪುವುದು ಒಂದೇ ಕಡೆ: ಪ್ಲೇಟಿನ ಮೇಲೆಯೇ ಬರೆದಿರುವುದನ್ನು ಓದಿ ನೋಡಿರುವುದಿಲ್ಲ.

ತಪ್ಪು ಕಲ್ಪನೆ 1: ಹಳೆಯದಾದಷ್ಟೂ ಬೆಲೆ ಜಾಸ್ತಿ

ಸತ್ಯ: ವಯಸ್ಸೊಂದೇ ಬೆಲೆ ತರುವುದಿಲ್ಲ. ಎಷ್ಟು ಪ್ರತಿ ಒತ್ತಿದ್ದರು, ಅದರಲ್ಲಿ ಚೆನ್ನಾಗಿ ಉಳಿದಿರುವುದೆಷ್ಟು, ಬೇಕೆನ್ನುವವರು ಎಷ್ಟು ಮಂದಿ ಎಂಬ ಮೂರು ಸೇರಿ ಬೆಲೆ ಕಟ್ಟುತ್ತವೆ. 1972ರ ‘ಬಂಗಾರದ ಮನುಷ್ಯ’ದಂಥ ಚಿತ್ರದ ಹಾಡುಗಳು ಮನೆಮನೆಯಲ್ಲೂ ಕೇಳಿದವು. ಅಷ್ಟು ಜನಪ್ರಿಯವಾದ ಹಾಡಿನ ಪ್ಲೇಟು ಹೆಚ್ಚು ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ. ಅದಕ್ಕೇ ಅದರ ದರ ಏರುವುದು ಕಷ್ಟ. ಬಿಡುಗಡೆಯಾದಾಗ ಯಾರೂ ಕೊಳ್ಳದೆ ಮೂಲೆ ಸೇರಿದ ಪ್ಲೇಟಿಗೆ ಇವತ್ತು ಪೈಪೋಟಿ ನಡೆಯಬಹುದು.

ತಪ್ಪು ಕಲ್ಪನೆ 2: ಕಪ್ಪಗೆ ದುಂಡಗಿದ್ದರೆ ಅದು ವಿನೈಲ್

ಸತ್ಯ: ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು ಸಾಮಾನ್ಯವಾಗಿ ಅರಗಿನದು. ಅರಗಿನ ಹುಳು ಕೊಡುವ ಅಂಟಿಗೆ ಕಲ್ಲಿನ ಪುಡಿ, ಕಪ್ಪು ಬಣ್ಣ ಬೆರೆಸಿ ಒತ್ತಿದ್ದು. ಭಾರ ಹೆಚ್ಚು, ಕೈತಪ್ಪಿದರೆ ಚೂರು, ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ, 33⅓ ಸುತ್ತಿನ ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ. ಅದು ಹಗುರ, ಸ್ವಲ್ಪ ಬಾಗುತ್ತದೆ, ಒಂದು ಮಗ್ಗುಲು ಇಪ್ಪತ್ತು ನಿಮಿಷ ದಾಟುತ್ತದೆ.

ಈ ವ್ಯತ್ಯಾಸ ತಿಳಿಯದಿದ್ದರೆ ಕೈಯಾರೆ ನಷ್ಟ. ಧೂಳು ತೆಗೆಯಲು ಸ್ಪಿರಿಟ್ ಹಚ್ಚಿದರೆ ಅರಗು ಕರಗಿ ಪ್ಲೇಟು ಕೆಡುತ್ತದೆ. ಮುಳ್ಳೂ ಬೇರೆಬೇರೆ. 78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್‌ಪಿಗೆ 18ರಿಂದ 25 ಮೈಕ್ರಾನ್ ಸಾಕು. ಹ್ಯಾಂಡಲ್ ತಿರುಗಿಸುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟರೆ ಒಂದೇ ಸಲಕ್ಕೆ ಅದರ ಗೆರೆ ಹರಿದುಹೋಗುತ್ತದೆ.

ತಪ್ಪು ಕಲ್ಪನೆ 3: ಇಂಡಿಯಾದಲ್ಲಿ ಒತ್ತಿದ ರಾಕ್ ಪ್ಲೇಟು ನಕಲಿ, ಅದಕ್ಕೆ ಬೆಲೆಯಿಲ್ಲ

ಸತ್ಯ: ಕೋಲ್ಕತ್ತದ ಸಿಯಾಲ್ಡಾದಲ್ಲಿ 1908ರಲ್ಲೇ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಶುರುವಾಗಿತ್ತು. ಆಮೇಲೆ ಅದು ದಮ್ ದಮ್‌ಗೆ ಹೋಯಿತು. ಬೀಟಲ್ಸ್ ಹಾಡುಗಳು ಅಲ್ಲಿ ಅಧಿಕೃತವಾಗಿಯೇ ಮುದ್ರಣಗೊಂಡವು.

ಅವುಗಳಲ್ಲೇ ಒಂದು ಬಗೆ ಈಗ ಜಗತ್ತಿನ ಸಂಗ್ರಾಹಕರ ಕಣ್ಣು ಸೆಳೆದಿದೆ. ಬ್ರಿಟನ್, ಅಮೆರಿಕಗಳಲ್ಲಿ 78 ಸುತ್ತಿನ ಪ್ಲೇಟು 1960ರ ಹೊತ್ತಿಗೆ ನಿಂತುಹೋಗಿತ್ತು. ನಮ್ಮಲ್ಲಿ ನಿಲ್ಲಲಿಲ್ಲ. ಕರೆಂಟ್ ಕಾಣದ ಹಳ್ಳಿಗಳಲ್ಲಿ ಹಾಡು ಕೇಳುವುದೆಂದರೆ ಹ್ಯಾಂಡಲ್ ತಿರುಗಿಸುವ ಗ್ರಾಮಫೋನ್, ಅದಕ್ಕೆ ಬೇಕಾದದ್ದು 78. ಹೀಗಾಗಿ 1960ರ ದಶಕದ ನಡುವೆ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ನಂಥ ಬೀಟಲ್ಸ್ ಹಾಡುಗಳು ಪಾರ್ಲೋಫೋನ್ ಲೇಬಲ್ಲಿನಲ್ಲಿ ಇಂಡಿಯಾದ 78 ಪ್ಲೇಟುಗಳಾಗಿ ಬಂದವು. ಲಂಡನ್ನಿನ ಅಂಗಡಿಯಲ್ಲೂ ಸಿಗದಿದ್ದ ವಸ್ತುವದು. ನಮ್ಮ ಹಳ್ಳಿಗಳಿಗೆ ಕರೆಂಟ್ ತಡವಾಗಿ ಬಂದದ್ದೇ ಅದರ ಅಪರೂಪಕ್ಕೆ ಕಾರಣ. ಆದರೆ ಇದೇ ಮಾತು ಇಂಡಿಯಾದ ಎಲ್ಲ ರಾಕ್ ಎಲ್‌ಪಿಗೂ ಸಲ್ಲುವುದಿಲ್ಲ. ಬಹಳಷ್ಟಕ್ಕೆ ಸಾಧಾರಣ ದರವೇ.

ತಪ್ಪು ಕಲ್ಪನೆ 4: ಕವರಿನ ಮೇಲಿನ ಇಸವಿಯೇ ಪ್ಲೇಟು ಒತ್ತಿದ ಇಸವಿ

ಸತ್ಯ: ಕವರಿನಲ್ಲಿರುವುದು ಸಾಮಾನ್ಯವಾಗಿ ಹಾಡು ಮೊದಲು ಪ್ರಕಟವಾದ ವರ್ಷ. ಹತ್ತು ವರ್ಷ ಬಿಟ್ಟು ಮತ್ತೆ ಒತ್ತಿದರೂ ಅದೇ ಇಸವಿ ಉಳಿಯಬಹುದು. ಮೊದಲ ಮುದ್ರಣ ಹೌದೋ ಅಲ್ಲವೋ ಹೇಳುವುದು ಲೇಬಲ್ಲು ಮತ್ತು ಹಾಡು ಮುಗಿದ ಮೇಲೆ ಬರುವ ಖಾಲಿ ಪಟ್ಟಿಯ ಮೇಲಿನ ಸಣ್ಣ ಅಕ್ಷರಗಳು.

ಬೀಟಲ್ಸ್‌ನ ‘ಪ್ಲೀಸ್ ಪ್ಲೀಸ್ ಮಿ’ ಎಲ್‌ಪಿ ಬ್ರಿಟನ್ನಿನಲ್ಲಿ ಬಂದದ್ದು 1963ರ ಮಾರ್ಚ್ 22ರಂದು. ಮೊದಲ ಪ್ರತಿಗಳ ಲೇಬಲ್ಲು ಕಪ್ಪು, ಅಕ್ಷರ ಬಂಗಾರದ ಬಣ್ಣ. ಕೆಲವೇ ತಿಂಗಳಲ್ಲಿ ಅದು ಕಪ್ಪಿನ ಮೇಲೆ ಹಳದಿಯಾಯಿತು. ಹಾಡುಗಳು ಅವೇ, ಬೆಲೆಗೆ ಮಾತ್ರ ಅಜಗಜಾಂತರ. ಕಪ್ಪು-ಬಂಗಾರದಲ್ಲೂ ಸ್ಟೀರಿಯೋ ಪ್ರತಿಯೇ ದುಬಾರಿ. ಪಿಂಕ್ ಫ್ಲಾಯ್ಡ್‌ನ 1973ರ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ಬ್ರಿಟಿಷ್ ಮುದ್ರಣದಲ್ಲಿ ಮೊದಲ ಪ್ರತಿಗಳ ಲೇಬಲ್ಲಿಗೆ ಪೂರ್ತಿ ತುಂಬಿದ ನೀಲಿ ತ್ರಿಕೋನವಿದೆ.

ಬ್ರಿಟನ್ನಿನ ಇಎಂಐ ಕಂಪನಿಯ ಪ್ಲೇಟಿನ ಖಾಲಿ ಪಟ್ಟಿಯಲ್ಲಿ ಇನ್ನೊಂದು ಗುಟ್ಟಿದೆ. ಯಾವ ಅಚ್ಚಿನಿಂದ ಒತ್ತಿದ್ದೆಂಬ ಸಂಖ್ಯೆಯನ್ನು ಅಲ್ಲಿ ಅಕ್ಷರದಲ್ಲಿ ಕೊರೆದಿರುತ್ತಾರೆ: ಜಿ ಅಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. ‘ಜಿಡಿ’ ಎಂದಿದ್ದರೆ ಹತ್ತನೆಯ ಅಚ್ಚು. ಸಾಮಾನ್ಯವಾಗಿ ಸಂಖ್ಯೆ ಚಿಕ್ಕದಿದ್ದಷ್ಟೂ ಮುದ್ರಣ ಬೇಗನೆಯದು.

ತಪ್ಪು ಕಲ್ಪನೆ 5: ನಾಯಿ ಚಿತ್ರವಿದ್ದರೆ ಅಪರೂಪ, ಒಂದೇ ಮಗ್ಗುಲಲ್ಲಿ ಹಾಡಿದ್ದರೆ ಕೆಟ್ಟ ಮಾಲು

ಸತ್ಯ: ಎರಡೂ ತಿರುಗುಮುರುಗು. ಕೊಂಬಿನ ಮುಂದೆ ಕಿವಿಗೊಟ್ಟು ಕೂತ ನಾಯಿ ಎಚ್‌ಎಂವಿಯ ಗುರುತು, ದೇಶದ ಮೂಲೆಮೂಲೆಯಲ್ಲಿ ಸಿಗುತ್ತದೆ. ಒಂದು ಮಗ್ಗುಲು ಬೋಳಾಗಿರುವ ಪ್ಲೇಟನ್ನು ಮಾತ್ರ ಎಸೆಯಬೇಡಿ. ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೋಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿಕೊಂಡ ಕಾಲದಲ್ಲಿ ಪ್ಲೇಟು ಜರ್ಮನಿಯ ಹ್ಯಾನೋವರ್‌ನಲ್ಲಿ ತಯಾರಾಗುತ್ತಿತ್ತು, ಒಂದೇ ಮಗ್ಗುಲಲ್ಲಿ ಹಾಡಿರುತ್ತಿತ್ತು. ಅಂಥದ್ದು ಸಿಕ್ಕರೆ ನೂರು ವರ್ಷ ದಾಟಿದ ವಸ್ತು. ಅದನ್ನು ಹೊರದೇಶಕ್ಕೆ ಮಾರುವ ಮುನ್ನ ಪ್ರಾಚ್ಯವಸ್ತುಗಳ ಬಗೆಗಿನ 1972ರ ಕಾಯಿದೆ ಏನು ಹೇಳುತ್ತದೆಂದು ವಿಚಾರಿಸಬೇಕು.

ತಪ್ಪು ಕಲ್ಪನೆ 6: ಇಂಗ್ಲಿಷ್ ಪ್ಲೇಟಿಗೆ ದುಡ್ಡು, ಕನ್ನಡದ ಹಳೇ ಪ್ಲೇಟು ಗುಜರಿಗೆ

ಸತ್ಯ: ನಮ್ಮ ಭಾಗದ ಅಟ್ಟಗಳಲ್ಲಿ ಬೀಟಲ್ಸ್ ಸಿಗುವುದಕ್ಕಿಂತ ರಂಗಗೀತೆ, ವಚನ, ಹಿಂದೂಸ್ತಾನಿ ಗಾಯನದ 78 ಸಿಗುವ ಸಾಧ್ಯತೆ ಹೆಚ್ಚು. ಅವುಗಳಲ್ಲಿ ಎಷ್ಟೋ ಹಾಡು ಮುಂದೆ ಎಲ್‌ಪಿಗೂ ಕ್ಯಾಸೆಟ್ಟಿಗೂ ಏರಲಿಲ್ಲ. ಪ್ಲೇಟು ಹೋದರೆ ದನಿಯೂ ಹೋಯಿತು. ಲೇಬಲ್ಲಿನ ಹೆಸರು ಗೊತ್ತಿಲ್ಲವೆಂದು ಬಿಸಾಡುವವರು ಇದನ್ನು ನೆನೆಯಲಿ: 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಎಚ್‌ಎಂವಿ ಪ್ಲೇಟುಗಳಲ್ಲಿ ಹಾಡಿದವರು ಗಂಗೂಬಾಯಿ ಹಾನಗಲ್. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಗದಗ ಸೀಮೆ. ಅಲ್ಲಿ ಬೆಳೆದ ಹುಡುಗ ಭೀಮಸೇನ ಜೋಶಿಗೆ ಗುರುವನ್ನು ಹುಡುಕಿ ಮನೆ ಬಿಡುವ ಹುಚ್ಚು ಹಿಡಿಸಿದ್ದು ಗಾಯಕ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು.

ತಪ್ಪು ಕಲ್ಪನೆ 7: ಇಂಟರ್‌ನೆಟ್‌ನಲ್ಲಿ ಕಂಡ ದರವೇ ನಮ್ಮ ಪ್ಲೇಟಿನ ದರ

ಸತ್ಯ: ಅಲ್ಲಿ ಕಾಣುವುದು ಬಹುಪಾಲು ಮಾರುವವರು ಕೇಳಿದ ದರ. ನೋಡಬೇಕಾದದ್ದು ನಿಜವಾಗಿ ಮಾರಾಟವಾದ ದರ, ಅದೂ ಅದೇ ಮುದ್ರಣದ, ಅದೇ ಸ್ಥಿತಿಯ ಪ್ರತಿಗೆ. ಮೈಕ್‌ಸೆಟ್ಟಿನಲ್ಲಿ ಹಗಲೂ ರಾತ್ರಿ ತಿರುಗಿದ, ಲೇಬಲ್ಲಿನ ಮೇಲೆ ಅಂಗಡಿ ಹೆಸರು ಗೀಚಿದ, ಕವರು ಕಳೆದುಕೊಂಡ ಪ್ಲೇಟಿಗೆ ಹೊಸದರಂಥ ಪ್ರತಿಯ ಬೆಲೆಯ ಸಣ್ಣ ಪಾಲೂ ಹುಟ್ಟುವುದಿಲ್ಲ.

ನಮ್ಮ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಮುಟ್ಟಿದಾಗ ತಗಡಿನ ಚಾವಣಿಯ ಕೆಳಗೆ ಅದಕ್ಕಿಂತ ಬಹಳ ಹೆಚ್ಚು ಸೆಕೆ. ಒಂದರ ಮೇಲೊಂದು ಪೇರಿಸಿಟ್ಟ ಎಲ್‌ಪಿ ಅಲ್ಲಿ ಸೊಟ್ಟಗಾಗುತ್ತದೆ. ನೆಟ್ಟಗೆ ನಿಲ್ಲಿಸಿ, ನೆಲಮನೆಯ ತಂಪು ಗೋಡೆ ಪಕ್ಕದಲ್ಲಿಟ್ಟರೆ ಉಳಿಯುತ್ತದೆ.

ಕೊಳ್ಳುವವರು ಬಾಗಿಲಿಗೆ ಬಂದು ಕಟ್ಟಿಗೆ ಇಷ್ಟು ಎಂದರೆ ಆ ದಿನವೇ ಒಪ್ಪಬೇಡಿ. ಮೊದಲು ಅರಗಿನವು, ವಿನೈಲಿನವು ಬೇರೆ ಮಾಡಿ. ಪ್ರತಿ ಲೇಬಲ್ಲಿನ, ಖಾಲಿ ಪಟ್ಟಿಯ ಅಕ್ಷರಗಳ ಫೋಟೊ ತೆಗೆದು ಹಾಡಿದವರ ಹೆಸರು, ನಂಬರು ಬರೆದಿಡಿ. ಕನ್ನಡದ 78 ಇದ್ದರೆ, ಸರಿಯಾದ ಮುಳ್ಳಿರುವವರಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡೇ ಪ್ಲೇಟು ಕೊಡಿ. ಇಷ್ಟು ಮಾಡಿದ ಮೇಲೆ ನೂರು ರೂಪಾಯಿಗೇ ಮಾರಿದರೂ ಏನನ್ನು ಮಾರಿದೆವು ಎಂಬುದು ನಿಮಗೆ ಗೊತ್ತಿರುತ್ತದೆ.