ಬಾಲ್ಯವೆಂದರೆ ಬರಿಯ ಸಿದ್ಧತೆಯೆ?

ಮನೆಗೆ ಬಂದ ನೆಂಟರು ಮಗುವನ್ನು ಹತ್ತಿರ ಕರೆದು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಸ್ವಲ್ಪ ನೆನೆದುಕೊಳ್ಳಿ. "ದೊಡ್ಡವನಾದ ಮೇಲೆ ಏನಾಗುತ್ತೀಯೋ ಮರಿ?" ಮಗು ಡಾಕ್ಟರೆಂದೋ ಇಂಜಿನಿಯರೆಂದೋ ಉತ್ತರ ಕೊಡುತ್ತದೆ, ನಾವು ಸಂತೋಷದಿಂದ ತಲೆದೂಗುತ್ತೇವೆ. ಈಗ ಅದು ಏನು ಮಾಡುತ್ತಿದೆ, ಏನನ್ನು ಕಂಡು ಬೆರಗಾಗಿದೆ ಎಂದು ಕೇಳುವವರು ವಿರಳ. ಹಾಗಾದರೆ ಬಾಲ್ಯವೆಂಬುದು ಪ್ರಾಯಕ್ಕೆ ಹೋಗುವ ದಾರಿಯ ಒಂದು ತಂಗುದಾಣ ಮಾತ್ರವೆ? ಅಥವಾ ಅದಕ್ಕೆ ತನ್ನದೇ ಆದ ಅರ್ಥವುಂಟೆ?

ಮೊದಲು ನಮ್ಮ ನುಡಿಯನ್ನೇ ವಿಚಾರಿಸೋಣ. ಕೂಸು, ಹಸುಳೆ, ಮಗು, ಪೋರ, ಹುಡುಗ ಎಂದು ನಮ್ಮಲ್ಲಿ ಎಷ್ಟು ಮಾತುಗಳಿವೆ! ಹಳಗನ್ನಡದ 'ಪಸುಳೆ'ಯೇ ಇಂದಿನ ಹಸುಳೆ. ಅದರಲ್ಲಿರುವ 'ಹಸು' ಕೊಟ್ಟಿಗೆಯ ಹಸುವಲ್ಲ. ಹಸಿ, ಹಸುರು ಎಂಬ ಮಾತುಗಳಲ್ಲಿ ಕಾಣುವ ಎಳೆತನವೇ ಅದು. ಸಂಸ್ಕೃತದ ವ್ಯಾಖ್ಯಾನಕಾರರು 5 ವರ್ಷದವರೆಗೆ ಕೌಮಾರ, 10ರವರೆಗೆ ಪೌಗಂಡ, 15ರವರೆಗೆ ಕೈಶೋರ ಎಂದು ವಿಂಗಡಿಸಿದರು. ಬೆಳೆಯುವ ಜೀವವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಇಷ್ಟು ಹೆಸರುಗಳು ಬೇಕಾಗುತ್ತವೆ.

ಪ್ರಕೃತಿಯೂ ಇದನ್ನೇ ಹೇಳುತ್ತದೆ. ಕರು ಹುಟ್ಟಿದ ಸ್ವಲ್ಪ ಹೊತ್ತಿಗೆಲ್ಲ ಎದ್ದು ನಿಂತು ಕೆಚ್ಚಲನ್ನು ಹುಡುಕುತ್ತದೆ. ಮನುಷ್ಯನ ಮಗು ಹೆಜ್ಜೆಯಿಡಲು ಒಂದು ವರ್ಷ ಬೇಕು. ಆರು ವರ್ಷದ ಹೊತ್ತಿಗೆ ಅದರ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಶೇಕಡಾ 90ರಷ್ಟಾಗುತ್ತದೆ. ಮೈ ಮಾತ್ರ ನಿಧಾನವಾಗಿ, ಹದಿವಯಸ್ಸಿನವರೆಗೆ ಕಾದು ಬೆಳೆಯುತ್ತದೆ. ಈ ದೀರ್ಘವಾದ ಬಿಡುವು ಏತಕ್ಕೆ? ಕಲಿಯುವುದಕ್ಕೆ. ಆ ಕಲಿಕೆಯ ದೊಡ್ಡ ಪಾಲು ನಡೆಯುವುದು ಆಟದಲ್ಲಿ. ಕುಂಟೆಬಿಲ್ಲೆಯಾಡುವ ಹುಡುಗಿ ತನ್ನ ಸರದಿಗೆ ಕಾಯುವುದನ್ನು, ಗೆರೆ ತುಳಿದರೆ ಒಪ್ಪಿಕೊಳ್ಳುವುದನ್ನು, ಸೋತು ಅಳದೆ ಮತ್ತೆ ಆಟಕ್ಕೆ ನಿಲ್ಲುವುದನ್ನು ಕಲಿಯುತ್ತಾಳೆ. ಇವನ್ನು ಬೋರ್ಡಿನ ಮೇಲೆ ಬರೆದು ಕಲಿಸುವ ವಿದ್ಯೆ ನನಗಂತೂ ತಿಳಿಯದು.

ಆದರೆ ಪ್ರಕೃತಿ ಕೊಟ್ಟ ಕಾಲವನ್ನು ದೊಡ್ಡವರು ಕಿತ್ತುಕೊಳ್ಳಬಲ್ಲರು. ಭಾರತದಲ್ಲಿ 1881ರ ಕಾರ್ಖಾನೆ ಕಾಯಿದೆ ದೊಡ್ಡ ಕಾರ್ಖಾನೆಗಳಲ್ಲಿ ದುಡಿಯಬಾರದೆಂದದ್ದು 7 ವರ್ಷದೊಳಗಿನ ಮಕ್ಕಳು ಮಾತ್ರ; 7ರಿಂದ 12ರವರೆಗಿನವರು ದಿನಕ್ಕೆ 9 ಗಂಟೆ ದುಡಿಯಬಹುದಿತ್ತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಂದ ನಿಬಂಧನೆ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಅಂದಿಗೆ ಅದೇ ದೊಡ್ಡ ಸುಧಾರಣೆ! ಎಂಟು ತುಂಬಿದವಳ ಬಾಲ್ಯ ಮುಗಿಯಿತೆಂದೇ ಅದರ ಅರ್ಥವಾಗಿತ್ತಲ್ಲವೆ? 1929ರ ಶಾರದಾ ಕಾಯಿದೆ ಆ ವಯಸ್ಸನ್ನು 14ಕ್ಕೆ ಏರಿಸಿತು. ಇಂದು ಅದು 18. ಮಕ್ಕಳ ಹಕ್ಕುಗಳ ಬಗೆಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2009ರ ಕಾಯಿದೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಹೀಗೆ ಗೆರೆ ಮೇಲೇರುತ್ತ ಬಂದಿದೆ.

ಗೆರೆ ಕಾಗದದ ಮೇಲಿದ್ದರೆ ಸಾಲದು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ದಿನವೂ ತೂಕಡಿಸುತ್ತಿದ್ದ. ನಾನು ಸಂಧಿ ಪಾಠ ಮಾಡುವಾಗ ಇವನಿಗೆ ನಿದ್ದೆಯೆ ಎಂದು ಸಿಟ್ಟಾಗಿ ವಾರಗಟ್ಟಲೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಎದುರು ಮಾತಾಡಲಿಲ್ಲ. ಒಂದು ರಾತ್ರಿ ಬಸ್ಸು ತಪ್ಪಿ, ನಿಲ್ದಾಣದ ಬಳಿಯ ಹೋಟೆಲಿಗೆ ಹೋದೆ. ಕಾಫಿ ಲೋಟಗಳನ್ನು ತೊಳೆಯುತ್ತಿದ್ದವನು ಅವನೇ. "ನಮಸ್ಕಾರ ಸಾರ್" ಎಂದು ಎದ್ದುನಿಂತ. ಗಂಟೆ ಹತ್ತೂವರೆಯಾಗಿತ್ತು. ಮರುದಿನ ಅವನ ತಾಯಿಯನ್ನು ಕಂಡು ಮಾತನಾಡಿದೆ. ಸ್ವಲ್ಪ ಏರ್ಪಾಡೂ ಆಯಿತು. ಆದರೆ ಆ ವಾರಗಳನ್ನು ನಾನು ಅವನಿಗೆ ಹಿಂದಿರುಗಿಸಲಾರೆ. ಕಾರಣ ಕೇಳದೆ ಶಿಕ್ಷಿಸಿದವನು ನಾನು.

ತಮ್ಮ ಮನೆಯ ಮಕ್ಕಳಿಗೆ ಇಂಥ ಕಷ್ಟವಿರಲಾರದು. ಆದರೂ ಬೆಳಿಗ್ಗೆ ಟ್ಯೂಷನ್, ಆಮೇಲೆ ಶಾಲೆ, ಸಂಜೆ ಮತ್ತೆ ಟ್ಯೂಷನ್ ಎಂದಾದರೆ ಆ ಮಗು ಆಡುವುದು ಯಾವಾಗ? ಬಡ ಮಗುವಿನ ಬಾಲ್ಯವನ್ನು ಹಸಿವು ಕಸಿದರೆ, ಅನುಕೂಲಸ್ಥರ ಮಗುವಿನ ಬಾಲ್ಯವನ್ನು ನಮ್ಮ ಆಸೆ ಕಸಿಯುತ್ತದೆ. ಎರಡೂ ಒಂದೇ ತೂಕದವೆಂದು ನಾನು ಹೇಳುವುದಿಲ್ಲ, ಹಸಿವಿನದೇ ಹೆಚ್ಚಿನದು. ಎರಡನ್ನೂ ತಡೆಯುವ ಶಕ್ತಿ ದೊಡ್ಡವರ ಕೈಯಲ್ಲಿದೆ ಎಂಬುದಷ್ಟೇ ನನ್ನ ಮಾತು.

ಬಾಲ್ಯ ಮುಂದಿನ ಬಾಳಿಗೆ ಸಿದ್ಧತೆಯೂ ಹೌದು, ತಾನೇ ಒಂದು ಬಾಳೂ ಹೌದು. ತಾವು ಕಾಫಿ ಕುಡಿಯುವಲ್ಲಿ ಲೋಟ ತೊಳೆಯುವ ಎಳೆಯ ಕೈ ಕಂಡರೆ ನೋಡಿಯೂ ನೋಡದಂತೆ ಎದ್ದುಬರಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇಂದು ಸಂಜೆ ಮನೆಯ ಮಗುವನ್ನು ಹತ್ತಿರ ಕರೆದು, "ಇವತ್ತು ಏನು ಆಟ ಆಡಿದೆ?" ಎಂದು ಕೇಳಿ. ಉತ್ತರ ಉದ್ದವಾದರೂ ಪೂರ್ತಿ ಕೇಳಿ.