ಹಳೆಯ ಪೆಲೆಟ್ ಒಲೆಯ ತಂತಿಗಳನ್ನು ಸರಿಪಡಿಸುವ ಕ್ರಮ

ಕೆಲವು ಮನೆಗಳ ಅಟ್ಟದ ಮೇಲೆ, ಹಿಂದೆ ಹಣಕೊಟ್ಟು ಕೊಂಡು ಈಗ ಉಪಯೋಗಿಸದೆ ಬಿಟ್ಟಿರುವ ಪೆಲೆಟ್ ಒಲೆಗಳು ಬಿದ್ದಿರುವುದುಂಟು. ಒಲೆಯ ಮೈ ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಫ್ಯಾನು ಮಾತ್ರ ತಿರುಗುವುದಿಲ್ಲ. ಅಂಥ ಒಲೆಯನ್ನು ಕಡಮೆ ಬೆಲೆಗೆ ಕೊಳ್ಳುವವರೂ, ಆಳುಮಕ್ಕಳಿಗೆ ಉಚಿತವಾಗಿ ಕೊಟ್ಟುಬಿಡುವವರೂ ಇದ್ದಾರೆ. ತಂತಿಯ ದೋಷವನ್ನು ಸರಿಪಡಿಸಿದಲ್ಲಿ ಈ ಒಲೆಯು ಹಿತ್ತಲಿನಲ್ಲಿ ಸ್ನಾನದ ನೀರು ಕಾಯಿಸುವುದಕ್ಕೂ ದನಗಳಿಗೆ ಹುರುಳಿ ಬೇಯಿಸುವುದಕ್ಕೂ ಚೆನ್ನಾಗಿ ಒದಗುವುದು. ಸರಿಪಡಿಸದೆ ಹಚ್ಚಿದಲ್ಲಿ ಮನೆಮಂದಿಯ ಪ್ರಾಣಕ್ಕೇ ಅಪಾಯವಾಗಬಹುದು. ಆದಕಾರಣ ಈ ವಿಷಯವನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಿಳಿದಿರುವುದು ಅವಶ್ಯ.

ಒಲೆಯ ಪೂರ್ವೋತ್ತರ

ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ, ಮರದ ಹೊಟ್ಟು ಮುಂತಾದುವನ್ನು ಪುಡಿಮಾಡಿ ಯಂತ್ರದಲ್ಲಿ ಒತ್ತಿ ತೆಗೆದ ಉರುವಲು ಗುಳಿಗೆಗಳಿಗೆ ಪೆಲೆಟ್ ಎಂದು ಹೆಸರು. ಇವುಗಳನ್ನು ಉರಿಸತಕ್ಕ ‘ಊರ್ಜಾ’ ಎಂಬ ಒಲೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಯಿಂದ ರೂಪುಗೊಂಡು, ಬಿ.ಪಿ. ಕಂಪೆನಿಯ ಮೂಲಕ ೨೦೦೬ನೆಯ ಇಸವಿಯಲ್ಲಿ ಮಾರಾಟಕ್ಕೆ ಬಂದಿತು; ೨೦೦೯ರಲ್ಲಿ ಆ ವ್ಯವಹಾರವು ಪುಣೆಯ ಫಸ್ಟ್ ಎನರ್ಜಿ ಸಂಸ್ಥೆಗೆ ಸೇರಿತು. ಕರ್ನಾಟಕ, ಮಹಾರಾಷ್ಟ್ರ ಮೊದಲಾದ ಪ್ರಾಂತಗಳಲ್ಲಿ ಒಟ್ಟು ೪ ಲಕ್ಷದಷ್ಟು ಒಲೆಗಳು ಮಾರಾಟವಾದುವು. ಇದೇ ತತ್ತ್ವದ ಬೇರೆ ಒಲೆಗಳೂ ಉಂಟು. ಮುಂದೆ ಹೇಳುವ ದೋಷಗಳು ಯಾವ ತಯಾರಕರ ಮೇಲಿನ ದೂರೂ ಅಲ್ಲ. ಶಾಖ, ಬೂದಿ, ತೇವಗಳ ನಡುವೆ ಹಳತಾದ ಯಾವ ಯಂತ್ರಕ್ಕಾದರೂ ಬರತಕ್ಕವು.

ಫ್ಯಾನೇ ಬೆಂಕಿಯ ಉಸಿರು

ಈ ಒಲೆಯಲ್ಲಿ ಪೆಲೆಟ್‌ಗಳನ್ನು ಒಂದೇ ಸಲಕ್ಕೆ ತುಂಬಿ ಮೇಲುಗಡೆ ಬೆಂಕಿ ಹೊತ್ತಿಸುತ್ತಾರೆ. ಫ್ಯಾನಿನ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಅಡಿಯ ಜಾಲರಿಯಿಂದ ಮೇಲೇರಿ ಪೆಲೆಟ್‌ಗಳನ್ನು ಅನಿಲವಾಗಿ ಮಾರ್ಪಡಿಸುವುದು. ಇನ್ನೊಂದು ಪಾಲು ಬಾಯಿಯ ಹತ್ತಿರವಿರುವ ರಂಧ್ರಗಳಿಂದ ನುಗ್ಗಿ ಆ ಅನಿಲವನ್ನು ಹೊಗೆಯಿಲ್ಲದೆ ಉರಿಸುವುದು. ಫ್ಯಾನು ನಿಂತರೆ ಅನಿಲ ಹುಟ್ಟುವುದು ಕೂಡಲೆ ನಿಲ್ಲುವುದಿಲ್ಲ. ಅದು ಪೂರ್ತಿಯಾಗಿ ಉರಿಯುವುದು ಮಾತ್ರ ನಿಲ್ಲುತ್ತದೆ. ಆಗ ದಟ್ಟವಾದ ಹೊಗೆಯೂ, ಅದರೊಡನೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಇದು ಮನುಷ್ಯನನ್ನು ಕೊಲ್ಲಬಲ್ಲದು.

ಚಳಿದೇಶಗಳಲ್ಲಿ ಕೋಣೆ ಕಾಯಿಸುವುದಕ್ಕೆ ಬಳಸುವ ದೊಡ್ಡ ಪೆಲೆಟ್ ಒಲೆಗಳಲ್ಲಿ ಉರುವಲು ಸ್ವಲ್ಪಸ್ವಲ್ಪವಾಗಿ ಬೀಳುತ್ತದೆ. ಗಾಳಿಯ ಸೆಳೆತ ತಪ್ಪಿದೊಡನೆ ಒಂದು ಸ್ವಿಚ್ಚು ಉರುವಲನ್ನು ತಡೆಯುವುದರಿಂದ ಬೆಂಕಿ ತಾನಾಗಿ ಆರುವುದು. ನಮ್ಮ ಚಿಕ್ಕ ಒಲೆಯಲ್ಲಿ ತುಂಬಿದ ಉರುವಲನ್ನು ತಡೆಯುವ ಅಂಥ ಉಪಾಯವಿಲ್ಲ. ಆದ್ದರಿಂದ ಇಲ್ಲಿ ತಂತಿಯ ಒಂದು ಸಡಿಲ ಬೆಸುಗೆಯನ್ನೂ ಅಲ್ಪವೆಂದು ಎಣಿಸಕೂಡದು.

ಕೆಲಸಕ್ಕೆ ಮೊದಲು

ನಿಮ್ಮ ಊರಿಗೆ ಪೆಲೆಟ್ ದೊರೆಯುವುದೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ದೊರೆಯದಿದ್ದರೆ ದುರಸ್ತಿಗೆ ಮಾಡುವ ವೆಚ್ಚವು ವ್ಯರ್ಥ. ದೊರೆಯುವುದಾದರೆ, ಒಲೆಯ ಒಳಗೋಡೆ ಬಿರುಕುಬಿಟ್ಟಿಲ್ಲವೆಂಬುದನ್ನೂ ಗಾಳಿಯ ರಂಧ್ರಗಳು ತೆರೆದಿವೆಯೆಂಬುದನ್ನೂ ನೋಡಬೇಕು. ಬಳಿಕ ಚಾರ್ಜರನ್ನು ಕಳಚಿ, ಒಲೆ ಪೂರ್ತಿ ತಣ್ಣಗಿರುವಾಗ ಅಡಿಯ ಮುಚ್ಚಳವನ್ನು ಬಿಚ್ಚಬೇಕು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಒಂದೊಂದಕ್ಕೂ ಗುರುತಿನ ಚೀಟಿ ಕಟ್ಟಿದ ಮೇಲೆಯೇ ಕಳಚತಕ್ಕದ್ದು. ಈ ಒಂದು ಗಳಿಗೆಯ ತಾಳ್ಮೆಯಿಂದ ಅರ್ಧ ದಿನದ ಪೇಚಾಟ ತಪ್ಪುವುದು.

ಪರೀಕ್ಷೆಯ ಕ್ರಮ

ಒಳಗಿರುವ ಭಾಗಗಳು ಕೆಲವೇ: ಬ್ಯಾಟರಿ, ಚಾರ್ಜರಿನ ತಂತಿ ಸಿಕ್ಕಿಸುವ ತೂತು, ವೇಗ ಹೆಚ್ಚುಕಡಮೆ ಮಾಡುವ ತಿರುಗುಗುಂಡಿ, ಫ್ಯಾನು, ಇವುಗಳನ್ನು ಕೂಡಿಸುವ ತಂತಿಗಳು. ಒಂದು ಸಾಧಾರಣ ಮಲ್ಟಿಮೀಟರಿನಿಂದ ಬ್ಯಾಟರಿಯಿಂದಾರಂಭಿಸಿ ಕ್ರಮವಾಗಿ ಪರೀಕ್ಷಿಸಬೇಕು.

(೧) ಬ್ಯಾಟರಿ. ನಿಕಲ್ ಮೆಟಲ್ ಹೈಡ್ರೈಡ್ ಜಾತಿಯ ಬ್ಯಾಟರಿಯಾದರೆ ಒಂದೊಂದು ಸೆಲ್ಲಿಗೆ ೧.೨ ವೋಲ್ಟು ಎಂದು ಲೆಕ್ಕ. ಉದಾಹರಣೆಗೆ, ೫ ಸೆಲ್ಲುಗಳ ಕಟ್ಟು ೬ ವೋಲ್ಟಿನದು. ಪೂರ್ತಿ ಚಾರ್ಜು ಮಾಡಿದ ಮೇಲೂ, ಫ್ಯಾನು ತಿರುಗುತ್ತಿರುವಾಗ ಅಳತೆ ೫ ವೋಲ್ಟಿಗಿಂತ ಕೆಳಕ್ಕೆ ಬೇಗನೆ ಇಳಿದರೆ ಸೆಲ್ಲು ಸತ್ತಿದೆಯೆಂದು ತಿಳಿಯಬೇಕು. ಫ್ಯಾನು ನಿಂತಿರುವಾಗ ತೆಗೆದ ಅಳತೆಯನ್ನು ಮಾತ್ರ ನಂಬಕೂಡದು. ಬದಲಾಯಿಸುವಾಗ ಎಲ್ಲ ಸೆಲ್ಲುಗಳನ್ನೂ ಒಟ್ಟಿಗೆ, ಅದೇ ಜಾತಿಯವನ್ನೇ ಹಾಕಬೇಕು. ಹೆಚ್ಚು ಕಾಲ ಬರುವುದೆಂದು ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಹಳೆಯ ಚಾರ್ಜರಿಗೆ ಜೋಡಿಸುವುದು ಬೆಂಕಿ ಅನಾಹುತಕ್ಕೆ ಕಾರಣವಾದೀತು.

(೨) ಫ್ಯಾನು. ರೆಕ್ಕೆಗಳಲ್ಲಿ ಸೇರಿದ ಬೂದಿಯನ್ನು ಒಣ ಕುಂಚದಿಂದ ತೆಗೆದು, ಬೆರಳಿನಿಂದ ತಿರುಗಿಸಿದರೆ ಸರಾಗವಾಗಿ ತಿರುಗುವುದೇ ಎಂದು ನೋಡಬೇಕು. ನಂತರ ಒಳ್ಳೆಯ ಬ್ಯಾಟರಿಗೆ ನೇರವಾಗಿ ಒಂದು ಕ್ಷಣ ಜೋಡಿಸಬೇಕು. ತಿರುಗಿದರೆ ದೋಷವು ಗುಂಡಿಯಲ್ಲಿಯೋ ತಂತಿಯಲ್ಲಿಯೋ ಉಂಟು. ತಿರುಗದಿದ್ದರೆ ಅದೇ ವೋಲ್ಟಿನ, ಅದೇ ಅಳತೆಯ ಬೇರೆ ಫ್ಯಾನು ಬೇಕು. ಕೆಂಪು ತಂತಿ ಧನ, ಕಪ್ಪು ತಂತಿ ಋಣ ಎಂಬುದು ಸಾಮಾನ್ಯ ಪದ್ಧತಿ. ಹಿಂದುಮುಂದಾಗಿ ಜೋಡಿಸಿದರೆ ಈ ಬಗೆಯ ಫ್ಯಾನುಗಳು ತಿರುಗುವುದಿಲ್ಲ, ಕೆಟ್ಟುಹೋಗುವುದೂ ಉಂಟು.

(೩) ತಿರುಗುಗುಂಡಿ. ಹೆಚ್ಚು ವೇಗ, ಕಡಮೆ ವೇಗ ಎರಡರಲ್ಲಿಯೂ ಫ್ಯಾನಿನ ತುದಿಯಲ್ಲಿ ವೋಲ್ಟು ಅಳೆಯಬೇಕು. ಒಂದು ವೇಗದಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಗುಂಡಿಯೊಳಗಿನ ತಾಗುಪಟ್ಟಿ ಸವೆದಿರುವುದು ಅಥವಾ ಕಿಲುಬು ಹಿಡಿದಿರುವುದು. ಕೆಟ್ಟ ಗುಂಡಿಯನ್ನು ಬಿಟ್ಟು ಫ್ಯಾನನ್ನು ಬ್ಯಾಟರಿಗೆ ಶಾಶ್ವತವಾಗಿ ಬಿಗಿದುಬಿಡುವ ಪರಿಪಾಠವು ಸರಿಯಲ್ಲ. ಯಾವಾಗಲೂ ಅತಿ ಗಾಳಿ ಬೀಸಿದರೆ ಕೆಂಡದ ಶಾಖ ವಿಪರೀತವಾಗಿ ಬೂದಿಯು ಕರಗಿ ಗಟ್ಟಿಯಾಗುವುದು. ಆ ಗಟ್ಟಿಯು ಜಾಲರಿಯನ್ನು ಮುಚ್ಚಿ ಕೊನೆಗೆ ಗಾಳಿಯನ್ನೇ ತಡೆಯುವುದು.

(೪) ತಂತಿ ಮತ್ತು ಬೆಸುಗೆ. ಪ್ರತಿಯೊಂದು ಕೂಡುಸ್ಥಾನವನ್ನೂ ಮೆಲ್ಲನೆ ಎಳೆದು ನೋಡಬೇಕು. ಹಸಿರು ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಕೆರೆದು, ತವರದ ಬೆಸುಗೆ ಹಾಕಬೇಕು; ಬರಿಯ ಕೈಯಿಂದ ಹೊಸೆದು ಬಿಟ್ಟ ಗಂಟು ಕಾವಿಗೂ ಅದುರಿಗೂ ಸಡಿಲವಾಗುವುದು. ಸಾಧಾರಣ ಪಿ.ವಿ.ಸಿ. ಹೊದಿಕೆಯ ತಂತಿಯು ೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಮಾತ್ರ ಬಾಳತಕ್ಕದ್ದು. ಉರಿಪಾತ್ರೆಯ ಸಮೀಪದಲ್ಲಿ ಹಾಯುವ ತಂತಿಗೆ ಸಿಲಿಕೋನ್ ಹೊದಿಕೆಯದನ್ನು ಹಾಕಿ, ಗಾಜಿನೆಳೆಯ ಕೊಳವೆಯೊಳಗೆ ತೂರಿಸಿ, ಬಿಸಿಭಾಗಕ್ಕೆ ತಾಕದಂತೆ ಕಟ್ಟಬೇಕು.

(೫) ಚಾರ್ಜರು. ಇದರ ಒಂದು ಪಕ್ಕದಲ್ಲಿ ಮನೆಯ ೨೩೦ ವೋಲ್ಟು ಇರುತ್ತದೆ. ಆದ್ದರಿಂದ ಇದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬಾರದು. ಹೊದಿಕೆ ಒಡೆದಿದ್ದರೆ, ಸುಟ್ಟ ವಾಸನೆ ಬಂದರೆ, ಅದೇ ವೋಲ್ಟು, ಅದೇ ಧನ-ಋಣ ಕ್ರಮವುಳ್ಳ ಹೊಸದನ್ನು ತರಬೇಕು. ಒಲೆ ಉರಿಯುತ್ತಿರುವಾಗ ಚಾರ್ಜರಿನ ತಂತಿಯನ್ನು ಸಿಕ್ಕಿಸಿಡಕೂಡದು. ತಂತಿಯು ಕಾಲಿಗೆ ತೊಡರಿ ಒಲೆ ಉರುಳಬಹುದು.

ಮರಳಿ ಹಚ್ಚುವ ಮುನ್ನ

ಮುಚ್ಚಳ ಹಾಕಿದ ಮೇಲೆ ಬೆಂಕಿಯಿಲ್ಲದೆ ಅರ್ಧ ಗಂಟೆಯ ಕಾಲ ಎರಡು ವೇಗಗಳಲ್ಲಿಯೂ ಫ್ಯಾನನ್ನು ನಡೆಸಬೇಕು. ನಡುನಡುವೆ ಒಲೆಯ ಮೈಯನ್ನು ಮೆಲ್ಲಗೆ ತಟ್ಟಿದಾಗಲೂ ಫ್ಯಾನಿನ ಸದ್ದು ಬದಲಾಗಕೂಡದು. ಒಲೆಯ ಬಾಯಿಯ ಮೇಲೆ ತೆಳುವಾದ ಕಾಗದದ ಚೂರನ್ನು ಹಿಡಿದರೆ ಅದು ಮೇಲಕ್ಕೆ ಹಾರಾಡಬೇಕು. ಹಾರಾಡದಿದ್ದರೆ ಫ್ಯಾನನ್ನು ತಿರುವುಮುರುವಾಗಿ ಕೂರಿಸಿದೆಯೆಂದೋ ಗಾಳಿಯ ದಾರಿ ಕಟ್ಟಿದೆಯೆಂದೋ ತಿಳಿಯತಕ್ಕದ್ದು. ಇಷ್ಟಾದ ನಂತರ ಮೊದಲನೆಯ ಉರಿಯನ್ನು ಬಯಲಿನಲ್ಲಿಯೇ ಹಚ್ಚಿ, ಪೆಲೆಟ್ ಮುಗಿದು ಕೆಂಡ ಆರುವವರೆಗೆ ಹತ್ತಿರವಿದ್ದು ನೋಡಬೇಕು. ಕೊನೆಯ ಕೆಂಡದಿಂದಲೂ ವಿಷಾನಿಲವು ಬರುವುದರಿಂದ, ಉರಿ ಕಾಣಿಸುವುದಿಲ್ಲವೆಂದು ಫ್ಯಾನನ್ನು ನಿಲ್ಲಿಸಿ ಒಲೆಯನ್ನು ಒಳಗೆ ತರಬಾರದು.

ಉರಿಯುವಾಗ ಫ್ಯಾನು ನಿಂತುಹೋದರೆ ಒಲೆಯ ಬಾಯಿಯೊಳಕ್ಕೆ ಬಗ್ಗಿ ನೋಡಬಾರದು. ಕೂಡಿದ ಅನಿಲವು ತಟ್ಟನೆ ಹೊತ್ತಿಕೊಳ್ಳುವುದುಂಟು. ನೀರು ಸುರಿಯಬಾರದು, ಕುದಿಯುವ ಆವಿ ಮುಖಕ್ಕೆ ಹೊಡೆಯುವುದು. ಬಾಗಿಲು ಕಿಟಕಿಗಳನ್ನು ತೆರೆದು, ಮಕ್ಕಳೂ ಮುದುಕರೂ ಸೇರಿ ಎಲ್ಲರೂ ಹೊರಬಂದು, ಉರುವಲು ತಾನಾಗಿ ತೀರುವವರೆಗೆ ಕಾಯಬೇಕು. ಯಾವಾಗಲೂ ಹಿತ್ತಲಿನಲ್ಲಿಯೋ ತೆರೆದ ಜಗಲಿಯಲ್ಲಿಯೋ ಒಲೆ ಹಚ್ಚುವ ಅಭ್ಯಾಸವಿಟ್ಟುಕೊಂಡವರಿಗೆ ಈ ಸಂಕಟವು ಬಾರದು.

ಗ್ರಾಮದ ಹಿರಿಯರಲ್ಲಿ ಬಿನ್ನಹ

ಊರಿನ ಸಹಕಾರ ಸಂಘದಲ್ಲಿ ಒಂದು ಮಲ್ಟಿಮೀಟರನ್ನೂ ಬೆಸುಗೆಯ ಸಾಮಾನನ್ನೂ ಇರಿಸಿ, ಪಂಪುಸೆಟ್ಟುಗಳ ಕೆಲಸ ಬಲ್ಲ ಒಬ್ಬ ತರುಣನಿಗೆ ಮೇಲ್ಕಂಡ ಕ್ರಮವನ್ನು ತಿಳಿಸಿಕೊಟ್ಟರೆ ಊರಿನ ಹಳೆಯ ಒಲೆಗಳೆಲ್ಲವನ್ನೂ ಪರೀಕ್ಷಿಸಬಹುದು. ಭೂಮಾಲೀಕರು ತಮಗೆ ಬೇಡವಾದ ಒಲೆಯನ್ನು ಆಳಿನ ಮನೆಗೆ ಕೊಡುವ ಮುಂಚೆ ಈ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಆ ಮನೆಯು ಸಾಮಾನ್ಯವಾಗಿ ಒಂದೇ ಕೋಣೆಯದು. ಅಡಿಗೆಯೂ ನಿದ್ರೆಯೂ ಅಲ್ಲಿಯೇ. ನಮ್ಮ ಅಟ್ಟದ ಮೇಲೆ ನಿಂತಿದ್ದ ಫ್ಯಾನು ಯಾರಿಗೂ ಕೇಡು ಮಾಡಲಿಲ್ಲ. ಅವರ ಕೋಣೆಯಲ್ಲಿ, ಉರಿಯ ನಡುವೆ ನಿಂತರೆ ಮಾಡುವುದು. ಪರೀಕ್ಷೆಯಲ್ಲಿ ಸೋತ ಒಲೆಯನ್ನು ಯಾರಿಗೂ ಕೊಡದೆ ಒಡೆದು ಹಳೆಯ ಕಬ್ಬಿಣಕ್ಕೆ ಹಾಕುವುದೇ ಲೇಸು.